ಹನ್ನೊಂದನೆಯ ಆಟಗಾರ

ಮೊನ್ನೆ ಮೊಮ್ಮಗಳು ಶಾಲೆಯ ಪುಸ್ತಕಕ್ಕೆ ಚಿತ್ರ ಅಂಟಿಸಲೆಂದು ಮೈದಾ ಹಿಟ್ಟಿನ ಅಂಟು ಕಾಯಿಸಿದಳು. ಆ ಹಸಿ ವಾಸನೆಗೆ ಹಿಂದೆ ಪಕ್ಕದ ಮನೆಯಲ್ಲಿದ್ದ, ನನಗೆ ಅಕ್ಕನಂತಿದ್ದ ಆಪಾ ನೆನಪಾದಳು...

ನಾನು ದೇವದುರ್ಗದಿಂದ ರಾಯಚೂರಿಗೆ ಸೊಸೆಯಾಗಿ ಬಂದದ್ದು ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ. ಅತ್ತೆ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಆಪಾಳದು ಪರದೆಯ ಮನೆ. ಎರಡು ಹಿತ್ತಿಲುಗಳ ನಡುವಿನ ಗೋಡೆಯಲ್ಲಿ ಒಂದು ಕಲ್ಲು ಬಿದ್ದು ಕಿಂಡಿಯಾಗಿತ್ತು. ಅಲ್ಲಿ ನಿಂತು ಮಾತಾಡುವ ಅರ್ಧ ತಾಸಿಗಾಗಿ ನಾನು ದಿನವಿಡೀ ಕಾಯುತ್ತಿದ್ದೆ.

ಅವಳ ಯಜಮಾನರು ತರಿಸುತ್ತಿದ್ದ ಉರ್ದು ಪತ್ರಿಕೆಯೊಳಗೆ ವಾರಕ್ಕೊಂದು ದಪ್ಪ ಕಾಗದದ ಚೀಟಿ ಇರುತ್ತಿತ್ತು, ಅದರ ಮೇಲೆ ಒಬ್ಬ ಕ್ರಿಕೆಟ್ ಆಟಗಾರನ ಚಿತ್ರ. ಯಾರ ಪ್ರತಿಯಲ್ಲಿ ಯಾವ ಆಟಗಾರನೋ ಹೇಳಲಾಗದು. ಹನ್ನೊಂದು ಮಂದಿಯನ್ನೂ ರಟ್ಟಿಗೆ ಅಂಟಿಸಿ ಕಳಿಸಿದರೆ ಲಾಟರಿಯಲ್ಲಿ ಹೆಸರು. ಗೆದ್ದವರಿಗೆ ಮುಂಬಯಿಗೆ ಇಬ್ಬರ ರೈಲು ಟಿಕೆಟ್ಟು, ಪಂದ್ಯ ನೋಡುವ ಪಾಸು. ಆಪಾಗೆ ಆಟದ ತಲೆಬುಡ ಗೊತ್ತಿರಲಿಲ್ಲ. ಅವಳ ತಾಯಿ ಮುಂಬಯಿಯಲ್ಲಿ ಹಾಸಿಗೆ ಹಿಡಿದಿದ್ದಳು. ಮದುವೆಯಾದ ಮೇಲೆ ಆಪಾಳನ್ನು ಒಮ್ಮೆಯೂ ತವರಿಗೆ ಕಳಿಸಿರಲಿಲ್ಲ. ಟಿಕೆಟ್ಟು ಬಂದರೆ ಕರೆದೊಯ್ಯುತ್ತೇನೆಂದು ಯಜಮಾನರು ಮಾತು ಕೊಟ್ಟಿದ್ದರು.

ಹತ್ತು ಮಂದಿ ಕೂಡಿದರು, ಆಪಾ ಮೈದಾ ಅಂಟು ಕಾಯಿಸಿ ಅವರನ್ನು ರಟ್ಟಿಗೆ ಅಂಟಿಸಿದಳು. ವಿಕೆಟ್ ಕೀಪರ್ ಮಾತ್ರ ಸಿಗಲಿಲ್ಲ. ನಾನು ಹೇಳಿದ್ದರಿಂದ ನನ್ನ ಗಂಡ ಮಾನ್ವಿಯ ಒಂದು ಚಹಾದಂಗಡಿಯಲ್ಲಿ ಆ ಚೀಟಿ ಹುಡುಕಿ ತಂದರು. ಸೆರಗಿನಲ್ಲಿ ಮುಚ್ಚಿಕೊಂಡು ಕಿಂಡಿಗೆ ಹೋದೆ.

"ನಮ್ಮ ಅಮ್ಮಿ ದಾರಿ ಕಾಯಾಕತ್ತಾಳ," ಎಂದಳು ಆಪಾ. "ಹೋದ್ರ ತಿರುಗಿ ಬರೂದು ಯಾವಾಗೋ ಯಾರಿಗ್ಗೊತ್ತು, ತಂಗೀ."

ನನ್ನ ಕೈ ಸೆರಗಿನಿಂದ ಹೊರಗೆ ಬರಲಿಲ್ಲ. ನಾಳೆ ಕೊಟ್ಟರಾಯಿತು, ನಾಡಿದ್ದು ಕೊಟ್ಟರಾಯಿತು... ಕಳಿಸುವ ಗಡುವು ದಾಟಿಹೋಯಿತು. ಚೀಟಿ ನನ್ನ ಟ್ರಂಕಿನ ತಳದಲ್ಲೇ ಉಳಿಯಿತು.

ಬೇಸಿಗೆಯಲ್ಲಿ ಅವಳ ತಾಯಿ ತೀರಿಕೊಂಡ ತಂತಿ ಬಂತು. ಗೋಡೆಯಾಚೆ ಅವಳು ಅಳುವುದು ಕೇಳಿಸುತ್ತಿತ್ತು. ನಾನು ಮೂರು ದಿನ ಹಿತ್ತಿಲಿಗೆ ಹೋಗಲಿಲ್ಲ.

ಮರುವರ್ಷ ಅವರು ಮನೆ ಖಾಲಿ ಮಾಡಿ ಹೈದರಾಬಾದಿಗೆ ಹೊರಟರು. ಆ ಬೆಳಿಗ್ಗೆ ಚೀಟಿಯನ್ನು ಕಿಂಡಿಯೊಳಗೆ ಚಾಚಿ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಅದನ್ನು ಮುಟ್ಟಲಿಲ್ಲ.

"ನಂಗ ಆವಾಗ್ಲೇ ಗೊತ್ತಿತ್ತು. ಚೀಟಿ ಸಿಕ್ಕೈತಿ ಅಂತ ನಿಮ್ಮವರು ಬಜಾರದಾಗ ನಮ್ಮವರಿಗೆ ಹೇಳಿದ್ರು. ಹೋಗಿ ಕೇಳಬ್ಯಾಡ್ರಿ ಅಂತ ನಾನೇ ಅಂದೆ. ನೀನೇ ಕೊಡ್ತಿ ಅಂತ ಕಾದೆ."

"ನೀ ಹೋದ್ರ ನಂಗ್ಯಾರದಾರ ಅಂತ ಹೆದರಿಕಿ ಆತು, ಆಪಾ."

"ಅದೂ ಗೊತ್ತಿತ್ತು," ಎಂದಳು. ಹೊರಗೆ ಟಾಂಗಾ ಬಂದು ನಿಂತಿತ್ತು.

ಈಗ ನನ್ನನ್ನು ತಡೆಯುವವರು ಯಾರೂ ಇಲ್ಲ. ಹೈದರಾಬಾದಿಗೂ ಎರಡು ಸಲ ಹೋಗಿಬಂದೆ. ಆದರೆ ಯಾವ ಮೊಹಲ್ಲಾದಲ್ಲಿ ಹುಡುಕಲಿ? ವಿಳಾಸ ಕೇಳುವ ಮುಖ ಅಂದು ನನಗಿರಲಿಲ್ಲ...