ಲೇಬಲ್ ಇಲ್ಲದ ಬಾಟಲಿ

ಮದುವೆಯಾಗಿ ಕಾರ್ಕಳಕ್ಕೆ ಬಂದ ಮಾರನೆಯ ಬೆಳಿಗ್ಗೆ ಅತ್ತೆಯ ಹತ್ತಿರ ನಾನು ಕೇಳಿದ ಮೊದಲ ವಸ್ತು ಒಂದು ಸಣ್ಣ ಪಾತ್ರೆ. ಸಿರಿಂಜ್ ಕುದಿಸಬೇಕಿತ್ತು. ಹೊಸ ಸೊಸೆ ಕಾಫಿ ಮಾಡಲು ಹೊರಟಳು ಎಂದುಕೊಂಡು ಅವರು ಖುಷಿಯಿಂದಲೇ ಕೊಟ್ಟರು, ಪಾಪ.

ನನಗೆ ಕಾಲೇಜಿಗೆ ಹೋಗುವಾಗಲೇ ಸಕ್ಕರೆ ಕಾಯಿಲೆ. ಇನ್ಸುಲಿನ್ ಚುಚ್ಚಿಕೊಳ್ಳದೆ ಬದುಕುವ ಹಾಗಿಲ್ಲ. ಎಪ್ಪತ್ತರ ದಶಕದ ಆ ದಿನಗಳಲ್ಲಿ ಕಾಪುವಿನಿಂದ ಮಣಿಪಾಲಕ್ಕೆ ಬಸ್ಸಿನಲ್ಲಿ ನನ್ನನ್ನು ಕರೆದುಕೊಂಡು ಹೋಗುತ್ತಿದ್ದವಳು ಅಮ್ಮ. ಅಲ್ಲಿನ ನರ್ಸ್ ಒಬ್ಬರು ನಮ್ಮಿಬ್ಬರನ್ನೂ ಕೂರಿಸಿ ಕಲಿಸಿದರು. ಸೋಪು ಹಾಕಿ ಕೈ ತೊಳೆಯಬೇಕು, ಗಾಜಿನ ಸಿರಿಂಜನ್ನೂ ಸೂಜಿಯನ್ನೂ ಕುದಿಸಿ ಆರಲು ಬಿಡಬೇಕು, ಬಾಟಲಿಯನ್ನು ಕುಲುಕದೆ ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಬೇಕು, ಗಾಳಿಗುಳ್ಳೆ ತೆಗೆಯಬೇಕು. ಎಲ್ಲಕ್ಕಿಂತ ಮೊದಲು ಲೇಬಲ್ ಓದಬೇಕು. ಆಗ ಎರಡು ಬಲದ ಔಷಧಿ ಸಿಗುತ್ತಿತ್ತು, ಒಂದರ ದುಪ್ಪಟ್ಟು ಇನ್ನೊಂದು; ಅಂಗಡಿಯಲ್ಲಿ ಯಾವಾಗ ಯಾವುದು ಇರುತ್ತದೋ ಹೇಳುವಂತಿರಲಿಲ್ಲ. ಸಿರಿಂಜಿನ ಮೇಲೂ ಎರಡಕ್ಕೆ ಬೇರೆ ಬೇರೆ ಗೆರೆ. ಗೆರೆ ತಪ್ಪಿದರೆ ಸಕ್ಕರೆ ಸರ್ರನೆ ಇಳಿದು ಜೀವವೇ ಹೋದೀತು ಎಂದು ಆಕೆ ಅಮ್ಮನ ಮುಖ ನೋಡಿಯೇ ಹೇಳಿದ್ದರು. ಅಮ್ಮ ತಲೆಯಾಡಿಸಿದ್ದಳು.

ನಮ್ಮಲ್ಲಿ ಮದುವೆಯ ಮಾತುಕತೆ ಸೋದರಮಾವನದ್ದು. ಹುಡುಗಿ ನಡುವೆ ಬಾಯಿ ಹಾಕುವಂತಿಲ್ಲ. ಆದರೂ ಅಮ್ಮನ ಬೆನ್ನು ಬಿದ್ದು ಕೇಳಿದೆ, "ನನ್ನ ಕಾಯಿಲೆಯ ವಿಷಯ ಅವರಿಗೆ ಹೇಳಿದ್ದುಂಟಾ?"

"ಮಾವ ಎಲ್ಲ ಹೇಳಿ ಆಗಿದೆ ಮಾರಾಯ್ತಿ. ಅವರದ್ದು ಎಂತದೂ ತಕರಾರಿಲ್ಲ."

ನಂಬಿದೆ. ಹೆತ್ತವಳನ್ನು ನಂಬದೆ ಇನ್ನು ಯಾರನ್ನು ನಂಬುವುದು?

ಪಾತ್ರೆಯನ್ನು ಒಲೆಯ ಮೇಲಿಟ್ಟು ಪೆಟ್ಟಿಗೆ ತೆರೆದೆ. ಅಮ್ಮ ಉಡುಪಿಯಿಂದ ಹೊಸ ಬಾಟಲಿಗಳನ್ನು ತರಿಸಿ, ತಾನೇ ಸೀರೆಗಳ ನಡುವೆ ಸುತ್ತಿಟ್ಟಿದ್ದಳು. ಬಿಡಿಸಿ ನೋಡಿದರೆ ಎಲ್ಲವೂ ಬೋಳು. ಲೇಬಲನ್ನು ನೀರಿನಲ್ಲಿ ನೆನೆಸಿ ಕೆರೆದು ತೆಗೆದಿದ್ದರು. ಗೋಂದು ಇನ್ನೂ ಬೆರಳಿಗೆ ಅಂಟುತ್ತಿತ್ತು.

ಅತ್ತೆ ಹಿಂದಿನಿಂದ ಇಣುಕಿದರು. "ಓ, ಶಕ್ತಿಯ ಇಂಜೆಕ್ಷನ್ ಅಲ್ವಾ? ನಿನ್ನ ಅಮ್ಮ ಹೇಳಿದ್ದಾರೆ, ಮೈಯಲ್ಲಿ ರಕ್ತ ಕಡಿಮೆ ಉಂಟು, ಸ್ವಲ್ಪ ದಿನ ಚುಚ್ಚಿಕೊಳ್ಳಬೇಕು ಅಂತ."

ನನ್ನ ಮೈಯೆಲ್ಲ ಉರಿದುಹೋಯಿತು. ಬಾಟಲಿ ಯಾವ ಬಲದ್ದು ಎಂದು ತಿಳಿಯದೆ ಚುಚ್ಚಿಕೊಂಡರೆ ಅಮ್ಮನ ಸುಳ್ಳು ಉಳಿಯುತ್ತದೆ, ನಾನು ಉಳಿಯುವುದು ಖಾತ್ರಿಯಿಲ್ಲ. ಬೇರೆ ಬಾಟಲಿ ಬೇಕೆಂದರೆ ಕಾಯಿಲೆಯ ಹೆಸರು ಹೇಳಲೇಬೇಕು. ಅಂದಾಜಿನ ಮೇಲೆ ಚುಚ್ಚಿಕೊಳ್ಳಲು ಅದೇನು ಸಾರಿಗೆ ಹಾಕುವ ಉಪ್ಪೇ? ತಿಂಡಿ ಮುಟ್ಟದೆ, ಗಂಡನನ್ನು ಕರೆದು ಎಲ್ಲವನ್ನೂ ಹೇಳಿದೆ.

ಅವರು ಬೋಳು ಬಾಟಲಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಕೊನೆಗೆ, "ನೀವೆಲ್ಲ ಸೇರಿ ಮೋಸ ಮಾಡಿದಿರಿ" ಎಂದರು. ಆ 'ನೀವೆಲ್ಲ'ದಲ್ಲಿ ನಾನೂ ಸೇರಿದ್ದೆ. ನನಗೂ ಮೋಸವಾಗಿದೆ ಎಂದರೆ ಯಾರು ಕೇಳುತ್ತಾರೆ? ಆದರೂ ಅಂಗಿ ಹಾಕಿಕೊಂಡು, ನನ್ನ ಹತ್ತಿರವಿದ್ದ ಮಣಿಪಾಲದ ಡಾಕ್ಟರರ ಚೀಟಿ ಹಿಡಿದು ಪೇಟೆಗೆ ಹೋಗಿ ಬಾಟಲಿ ತಂದರು. ಲೇಬಲ್ ಓದಿ, ಗೆರೆ ನೋಡಿ, ತೊಡೆಗೆ ಚುಚ್ಚಿಕೊಂಡೆ. ಅತ್ತೆ ಸಿರಿಂಜ್ ಕುದಿಸಿದ ಪಾತ್ರೆಯನ್ನು ಅಡುಗೆಮನೆಯ ಹೊರಗಿಟ್ಟರು.

ಹೊಸ ಮದುಮಕ್ಕಳನ್ನು ತವರಿಗೆ ಔತಣಕ್ಕೆ ಕರೆಯುವುದು ವಾಡಿಕೆಯಲ್ಲವೇ, ಕೆಲವು ದಿನ ಕಳೆದು ಕಾಪುವಿಗೆ ಹೋದೆವು. ಅಮ್ಮ ಅಡುಗೆಮನೆಯಲ್ಲಿ ಕೋಳಿಸಾರು ತಿರುವುತ್ತಿದ್ದಳು.

"ಲೇಬಲ್ ಯಾಕೆ ಕೆರೆದದ್ದು?" ಎಂದೆ.

"ಇದ್ದಿದ್ದರೆ ಅವರು ಓದುತ್ತಿರಲಿಲ್ವಾ? ಓದಿದರೆ ನಿನ್ನನ್ನು ಇಟ್ಟುಕೊಳ್ಳುತ್ತಿದ್ದರಾ?"

"ನಾನೂ ಓದಬೇಕಿತ್ತಲ್ಲ ಅಮ್ಮ."

ಅವಳು ಜಗಲಿಯಲ್ಲಿ ಕುಳಿತಿದ್ದ ಅಳಿಯನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದಳು, "ಅವರಿಗೆ ಗೊತ್ತಾಗಿದೆಯಾ?"

"ಗೊತ್ತಾಗಿದೆ."

ಅಮ್ಮ ಸೌಟು ಬಿಟ್ಟು, ಮರ್ಯಾದೆ ಹೋಯಿತು ಎಂದು ಅಲ್ಲೇ ಕುಳಿತು ಅತ್ತಳು. ಆ ಬೆಳಿಗ್ಗೆ ನಾನು ಏನು ಚುಚ್ಚಿಕೊಂಡೆ ಎಂದು ಅವಳು ಕೇಳಲೇ ಇಲ್ಲ.