ಅಪ್ಪ ಕೋರ್ಟಿನಲ್ಲಿ ಕುಳಿತ ದಿನ

ನನ್ನಪ್ಪ ಧಾರವಾಡದ ಕಡೆಯ ಒಂದು ತಾಲ್ಲೂಕು ಕೋರ್ಟಿನಲ್ಲಿ ಜವಾನರಾಗಿದ್ದರು. ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗುವುದು ಅವರ ಕೆಲಸ. ನಿವೃತ್ತರಾಗುವವರೆಗೆ ಕೋರ್ಟ್ ಹಾಲಿನೊಳಗೆ ಒಮ್ಮೆಯೂ ಕುಳಿತವರಲ್ಲ. ನಾನು ಅವರ ಮಗಳು, ನಮ್ಮ ಮನೆತನದಲ್ಲಿ ಡಿಗ್ರಿ ಕಂಡ ಮೊದಲನೆಯವಳು. ಮದುವೆಯಾಗಿ ನೆದರ್‌ಲ್ಯಾಂಡ್ಸಿಗೆ ಬಂದೆ, ಡಚ್ ಕಲಿತೆ, ಮಾಸ್ಟ್ರಿಕ್ಟಿನಲ್ಲಿ ನನಗಿಂತ ಬಹಳ ಚಿಕ್ಕವರ ಜೊತೆ ಬೆಂಚು ಹಂಚಿಕೊಂಡು ಕಾನೂನು ಓದಿದೆ. ಇಲ್ಲಿಯ ಪೌರತ್ವ ಪಡೆದು ನ್ಯಾಯಾಧೀಶೆಯ ತರಬೇತಿಗೂ ಸೇರಿದೆ. ಸುಲಭವಾಗಿರಲಿಲ್ಲ, ಹೇಳಿಕೊಳ್ಳಲು ಸಂಕೋಚವೂ ಇಲ್ಲ.

ತರಬೇತಿಯಲ್ಲಿ ನಾನು ನಡೆಸಬೇಕಿದ್ದ ಕೊನೆಯ ವಿಚಾರಣೆಯ ದಿನ ಅಪ್ಪ ಊರಿನಿಂದ ಬಂದಿದ್ದರು. ಮನೆಯಿಂದ ಕೋರ್ಟಿಗೆ ಹೊರಡುವಾಗಲೇ ಎಚ್ಚರಿಸಿದರು: “ಕೋರ್ಟಿನ್ಯಾಗ ನಾ ನಿನ್ನ ಅಪ್ಪ ಅಲ್ಲ, ತಿಳೀತಿಲ್ಲೋ?”

ಹಿಂದಿನ ಸಾಲಿನಲ್ಲಿ, ಅಪ್ಪನ ಪಕ್ಕದಲ್ಲೇ, ನನ್ನನ್ನು ಪಾಸು ಮಾಡಬೇಕೋ ಬೇಡವೋ ಎಂದು ತೀರ್ಮಾನಿಸುವ ಹಿರಿಯ ನ್ಯಾಯಾಧೀಶೆ. ಮುಂದೆ ನ್ಯೂವೆಗೈನ್ ಎಂಬ ಊರಿನ, ಅಕ್ಕಪಕ್ಕದ ಮನೆಯ ಇಬ್ಬರು ನೆರೆಯವರು. ಬೇಲಿಗಿಡದ ಎತ್ತರಕ್ಕಾಗಿ ಜಗಳವಾಡಿ ಬಂದವರು.

ಕಪ್ಪು ನಿಲುವಂಗಿ ತೊಟ್ಟು ನಾನು ಒಳಗೆ ಬಂದೆ. ಎಲ್ಲರೂ ಎದ್ದು ನಿಂತರು. ನಾನು ಮೊದಲು ಕೂರಬೇಕು, ಆಮೇಲೆ ಅವರು. ಆದರೆ ಅಪ್ಪ ಕೈಕಟ್ಟಿ ನಿಂತಿದ್ದಾರೆ. ಅಪ್ಪ ನಿಂತಿರುವಾಗ ನಾನು ಎಂದೂ ಕುಳಿತವಳಲ್ಲ. ಮೊಣಕಾಲು ಬಗ್ಗಲೇ ಇಲ್ಲ. ಕಣ್ಸನ್ನೆ ಮಾಡಿದೆ. ಅಪ್ಪ ಅಲ್ಲಾಡಲಿಲ್ಲ. ನೆರೆಯವರಿಬ್ಬರೂ ಜಗಳ ಮರೆತು ಮುಖ ಮುಖ ನೋಡಿಕೊಂಡರು.

“ಅಪ್ಪಾ, ಕೂಡ್ರಿ,” ಎಂದೆ.

“ಸಾಹೇಬ್ರು ನಿಂತಾಗ ನಾ ಹ್ಯಾಂಗ ಕೂಡ್ಲಿ? ನೀವು ಮೊದಲ ಕೂಡ್ರಿ.”

ಹುಟ್ಟಿದಾಗಿನಿಂದ ‘ಏ ಹುಡುಗಿ’ ಎಂದು ಕರೆದವರ ಬಾಯಲ್ಲಿ ‘ನೀವು’. ನಗು ಗಂಟಲಿಗೆ ಬಂತು. ಈಗ ನಕ್ಕರೆ ಇಷ್ಟು ವರ್ಷ ಪಟ್ಟ ಪಾಡೆಲ್ಲ ನೀರುಪಾಲು. ತುಟಿ ಕಚ್ಚಿಕೊಂಡು, ಡಚ್‌ನಲ್ಲಿ, ಗಟ್ಟಿಯಾಗಿ ಹೇಳಿದೆ: “ಎಲ್ಲರೂ ಕುಳಿತುಕೊಳ್ಳಿ.”

ಅಪ್ಪನಿಗೆ ಭಾಷೆ ಬಾರದು. ಆದರೆ ಪೀಠದಿಂದ ಬರುವ ಅಪ್ಪಣೆಯ ದನಿ ಅವರಿಗೆ ಗೊತ್ತು. ತಟ್ಟನೆ ಕುಳಿತರು. ನಾನೂ ಕುಳಿತೆ.

ವಿಚಾರಣೆ ಮುಗಿದ ಮೇಲೆ ಹಿರಿಯ ನ್ಯಾಯಾಧೀಶೆ ನನ್ನನ್ನು ಕರೆದು, ಆ ಯಜಮಾನರು ಹೇಳಿದ್ದೇನು ಎಂದು ಕೇಳಿದರು. ಹೇಳಿದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಪಾಸಾದಿರಿ. ಬೇಲಿಯವರೂ ನಿಮ್ಮ ಮಾತು ಇಷ್ಟು ಬೇಗ ಕೇಳಿದ್ದರೆ ಚೆನ್ನಾಗಿತ್ತು.”

ಸಂಜೆ ರೈಲಿನಲ್ಲಿ ಒಂದೇ ಸೀಟು ಖಾಲಿಯಿತ್ತು. ಅಪ್ಪ ಅದನ್ನು ತೋರಿಸಿ, “ಕೂಡ್ರಿ ಸಾಹೇಬ್ರ,” ಎಂದರು.

“ಕೋರ್ಟ್ ಮುಗೀತಪ್ಪಾ.”

“ಹಂಗಾದ್ರ ಈ ಚೀಲ ಹಿಡಿ,” ಎಂದು ನನ್ನ ನಿಲುವಂಗಿಯ ಚೀಲವನ್ನು ನನಗೇ ಕೊಟ್ಟು, ಕಾಲು ಚಾಚಿ ಕುಳಿತರು.