ಕ್ಯಾಲ್ಸಿಯಂ ಡಬ್ಬಿ ಮತ್ತು ಹಳದಿ ಜ್ವರದ ಸೂಜಿ

ಕೀನ್ಯಾಕ್ಕೆ ಹೋಗೋಕೆ ಯಾವ ಯಾವ ಇಂಜೆಕ್ಷನ್ ಬೇಕು ಅಂತ ನಮ್ಮ ಮನೇಲಿ ತೀರ್ಮಾನ ಮಾಡಿದ್ದು ಡಾಕ್ಟರಲ್ಲ, ಬನಶಂಕರಿ ಎರಡನೇ ಸ್ಟೇಜಿನ ಪಾರ್ಕಿನ ಕಲ್ಲುಬೆಂಚು. ನಮ್ಮತ್ತೆ ದಿನಾ ಬೆಳಿಗ್ಗೆ ಅಲ್ಲಿಗೆ ವಾಕಿಂಗ್ ಹೋಗ್ತಾರೆ. ಆ ವಾಕಿಂಗ್ ಗುಂಪಿನ ಹೆಂಗಸರು ಗಂಡ, ಮಕ್ಕಳು, ಸೊಸೆಯರನ್ನೆಲ್ಲ ಕಟ್ಟಿಕೊಂಡು ಸಿಂಹ ಆನೆ ನೋಡೋಕೆ ಆಫ್ರಿಕಾಕ್ಕೆ ಹೊರಟಿದ್ರು. ಟೂರಿನವನು ಅಡುಗೆಯವರನ್ನೂ ಜೊತೆಗೇ ಕರ್ಕೊಂಡು ಬರ್ತಾನೆ, ಸಾರಿನಪುಡಿ ಇಲ್ಲಿಂದಲೇ ಹೋಗುತ್ತೆ ಅಂತ ಗೊತ್ತಾದ ಮೇಲೆ ಯಾರಿಗೂ ಯಾವ ಯೋಚನೇನೂ ಉಳೀಲಿಲ್ಲ, ಈ ಇಂಜೆಕ್ಷನ್ ಒಂದು ಬಿಟ್ಟು.

ಒಬ್ಬರು, "ನಾವೆಲ್ಲ ಬೀದಿ ನಲ್ಲೀಲಿ ನೀರು ಕುಡಿದು ಬೆಳೆದವರು, ನಮಗ್ಯಾವ ಟೈಫಾಯ್ಡು ಬರುತ್ತೆ ಬಿಡ್ರೀ" ಅಂದ್ರು. ಇನ್ನೊಬ್ಬರು ಅಮೃತಬಳ್ಳಿ ಕಷಾಯ ಕುಡಿದ್ರೆ ಸಾಕು ಅಂದ್ರು. ಮತ್ತೊಬ್ಬರಂತೂ ಸೀರೆ ಅಂಗಡಿಗೆ ಹೊರಟವರ ಥರ, "ಇರೋಬರೋದೆಲ್ಲ ಒಟ್ಟಿಗೆ ಹಾಕಿಸ್ಕೊಂಡುಬಿಡೋಣ, ಏನಾದ್ರೂ ಕಮ್ಮಿ ಮಾಡ್ಕೊಡ್ತಾರೆ" ಅಂದ್ರು. ಹಳದಿ ಜ್ವರದ ಲಸಿಕೆ ಮಾತ್ರ ಯಾರೂ ತಪ್ಪಿಸೋ ಹಾಗಿಲ್ಲ, ಅದಿಲ್ಲದೆ ವಾಪಸ್ ಬಂದ್ರೆ ಏರ್‌ಪೋರ್ಟಿಂದ ಮನೆಗೇ ಬಿಡದೆ ಇರಬಹುದು ಅಂತ ಟೂರಿನವನು ಖಡಾಖಂಡಿತವಾಗಿ ಹೇಳಿದ. ನಾನು ಮಾತ್ರ ಅದನ್ನ ಹಾಕಿಸ್ಕೊಳ್ಳೋ ಹಾಗಿರಲಿಲ್ಲ.

ಯಾಕೆ ಅಂದ್ರೆ ನನಗೆ ಕೀಲುವಾತ. ಮುದುಕರಿಗೆ ಬರೋ ಮಂಡಿನೋವಲ್ಲ. ಮೈಯೊಳಗಿನ ರೋಗ ತಡೆಯೋ ಶಕ್ತೀನೇ ನನ್ನ ಕೀಲುಗಳ ಮೇಲೆ ತಿರುಗಿಬಿದ್ದಿರೋ ಕಾಯಿಲೆ. ಬೆಳಿಗ್ಗೆ ಬೆರಳು ಮಡಚೋಕಾಗಲ್ಲ. ನಾನು ಜೆ.ಪಿ. ನಗರದ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡ್ತೀನಿ, ಎಷ್ಟೋ ದಿನ ಮೊದಲನೇ ಪೀರಿಯಡ್ಡಲ್ಲಿ ಬೋರ್ಡ್ ಮೇಲೆ ಬರೆಯೋಕೆ ಮಕ್ಕಳನ್ನೇ ಕರೀತೀನಿ. ಆ ರೋಗ ತಡೆಯೋ ಶಕ್ತೀನ ತಗ್ಗಿಸೋಕೆ ವಾರಕ್ಕೊಮ್ಮೆ ಒಂದು ಮಾತ್ರೆ ನುಂಗ್ತೀನಿ. ಅಂಥ ಮಾತ್ರೆ ತಗೊಳ್ಳೋರಿಗೆ ಜೀವಂತ ವೈರಸ್ ಇರೋ ಲಸಿಕೆ ಹಾಕಿದ್ರೆ ಪ್ರಾಣಕ್ಕೇ ಸಂಚಕಾರ ಅಂತ ನಮ್ಮ ಡಾಕ್ಟರು ಮೊದಲೇ ಹೇಳಿದ್ರು. ಹಳದಿ ಜ್ವರದ ಲಸಿಕೆ ಅಂಥದ್ದೇ.

ಇದು ನಮ್ಮತ್ತೆಗೆ ಗೊತ್ತಿರಲಿಲ್ಲ. ಮದುವೆ ಗೊತ್ತಾದ ವಾರವೇ ನಮ್ಮಮ್ಮ ಆ ಮಾತ್ರೆಗಳನ್ನೆಲ್ಲ ಒಂದು ಖಾಲಿ ಕ್ಯಾಲ್ಸಿಯಂ ಡಬ್ಬಿಗೆ ತುಂಬಿ, "ಯಾರಾದ್ರೂ ಕೇಳಿದ್ರೆ ಕ್ಯಾಲ್ಸಿಯಂ ಅನ್ನು. ಹೆಣ್ಣುಮಕ್ಕಳ ಕಾಯಿಲೆ ಡಂಗುರ ಹೊಡೆಯೋದಲ್ಲ" ಅಂದಿದ್ರು. ನಾನು ಕೇಳದೆ, ಹುಡುಗನನ್ನ ದರ್ಶಿನಿ ಹೋಟೆಲಿಗೆ ಕರೆದು ಎಲ್ಲ ಹೇಳಿದೆ. ಅವರು, "ನನಗೇನೂ ತೊಂದರೆ ಇಲ್ಲ. ಅಮ್ಮನಿಗೆ ಮಾತ್ರ ಬೇಡ" ಅಂದ್ರು. ನಿಮ್ಮದೇನಾದ್ರೂ ಇದ್ರೆ ನೀವೂ ಹೇಳಿ ಅಂದೆ. "ನಂದೇನಿದೆ? ಕಾಫಿ ಸ್ವಲ್ಪ ಜಾಸ್ತಿ" ಅಂತ ನಕ್ರು. ಎಂಥ ಒಳ್ಳೇ ಮನುಷ್ಯ ಸಿಕ್ಕಿದ ಅಂತ ನಾನು ಹಿಗ್ಗಿ ಹೀರೇಕಾಯಾದೆ.

ಆ ಡಬ್ಬಿಯದೂ ಒಂದು ಕಥೆ ಇದೆ. ಒಂದು ಸಂಜೆ ಅತ್ತೆ, "ನನಗೂ ಮಂಡಿ ಹಿಡ್ಕೊಂಡಿದೆ ಕಣೆ, ನಿನ್ನ ಕ್ಯಾಲ್ಸಿಯಂ ಒಂದು ತಗೋತೀನಿ" ಅಂತ ಮಾತ್ರೆ ಅಂಗೈಗೆ ಹಾಕ್ಕೊಂಡಿದ್ರು. ಓಡಿಹೋಗಿ ಕಿತ್ಕೊಂಡೆ. ಒಂದು ಕ್ಯಾಲ್ಸಿಯಂ ಮಾತ್ರೆಗೂ ಗತಿ ಇಲ್ಲದ ಮನೆಯವಳ ಥರ ಆಡ್ತೀಯ ಅಂತ ಅನ್ನಿಸಿಕೊಂಡೆ. ಅವತ್ತು ಅವರಿಗೇನಾದ್ರೂ ಆಗಿದ್ರೆ ಯಾರು ಹೊಣೆ, ಸ್ವಾಮಿ?

ಲಸಿಕೆಗೆ ಹೊರಡೋ ದಿನ ಹನುಮಂತನಗರಕ್ಕೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ, ಇವತ್ತು ಡಾಕ್ಟರ್ ಕೇಳ್ತಾರೆ, ನಾನು ಹೇಳೇ ಹೇಳ್ತೀನಿ ಅಂತ. ನನ್ನನ್ನ ಹೆತ್ತ ತಾಯಿ ಏನಂದ್ರು ಗೊತ್ತಾ? "ಅಯ್ಯೋ, ಒಂದು ಸೂಜಿ ತಾನೇ, ಸುಮ್ನೆ ಚುಚ್ಚಿಸ್ಕೊಂಡು ಬಾ. ಎರಡು ದಿನ ಜ್ವರ ಬರುತ್ತೆ, ಹೋಗುತ್ತೆ. ಸಂಸಾರ ಹಾಳು ಮಾಡ್ಕೋಬೇಡ." ನನ್ನ ಪ್ರಾಣಕ್ಕಿಂತ ನನ್ನ ಮದುವೆ ಹೆಚ್ಚಾಯ್ತಾ? ಅಮ್ಮ ಅನ್ನೋದೂ ನೋಡದೆ ಫೋನ್ ಕುಕ್ಕಿದೆ.

ಲಸಿಕೆ ಸೆಂಟರ್ ಇದ್ದಿದ್ದು ಜಯನಗರದಲ್ಲಿ. ಅತ್ತೆ, ನನ್ನ ಗಂಡ, ನಾನು, ಮೂವರನ್ನೂ ಒಂದೇ ಸಲ ಒಳಗೆ ಕರೆದ್ರು. ಡಾಕ್ಟರು ಮೊದಲು ಮಲೇರಿಯಾ ಮಾತ್ರೆ ಬಗ್ಗೆ ಹೇಳಿದ್ರು: ಹೊರಡೋಕೆ ಮುಂಚೆಯೇ, ಈ ಭಾನುವಾರದಿಂದ ಶುರು ಮಾಡಬೇಕು, ಆದರೆ ಫಿಟ್ಸ್ ಬಂದಿದ್ದವರು ಮುಟ್ಟಬಾರದು, ಮತ್ತೆ ಬರಿಸಿಬಿಡಬಹುದು. "ಯಾರಿಗಾದ್ರೂ ಯಾವಾಗಲಾದ್ರೂ ಬಂದಿತ್ತಾ?" ಅಂದ್ರು. ಅತ್ತೆ ಎಲ್ಲರ ಪರವಾಗಿ, "ಏನೂ ಇಲ್ಲ ಡಾಕ್ಟ್ರೇ, ಎಲ್ಲಾ ಗುಂಡುಕಲ್ಲಿನ ಹಾಗಿದೀವಿ" ಅಂದುಬಿಟ್ರು. ನನ್ನ ಗಂಡ ಫ್ಯಾನ್ ನೋಡ್ತಾ ಕೂತಿದ್ರು. ಅವರಿಬ್ಬರಿಗೂ ಲಸಿಕೆ ಹಾಕಿ ಆಯ್ತು. ಆಮೇಲೆ ನನ್ನ ಕಡೆ ತಿರುಗಿ, ಬೇರೆ ಏನಾದ್ರೂ ಮಾತ್ರೆ ತಗೋತೀರಾ ಅಂದ್ರು.

"ಇವಳಿಗಾ? ಬರೀ ಕ್ಯಾಲ್ಸಿಯಂ" ಅಂದ್ರು ಅತ್ತೆ.

"ಅಲ್ಲ ಡಾಕ್ಟ್ರೇ" ಅಂದೆ. ಕಾಯಿಲೆ ಹೆಸರು, ಮಾತ್ರೆ ಹೆಸರು ಎರಡೂ ಹೇಳಿದೆ. ಡಾಕ್ಟರು ಪೆನ್ ಕೆಳಗಿಟ್ಟರು. "ನಿಮಗೆ ಈ ಲಸಿಕೆ ಹಾಕೋ ಹಾಗೇ ಇಲ್ಲಮ್ಮ. ಅದಿಲ್ಲದೆ ಆ ಸೊಳ್ಳೆಗಳ ಮಧ್ಯೆ ನಿಮ್ಮನ್ನ ಕಳಿಸೋಕೂ ನನಗೆ ಮನಸ್ಸಿಲ್ಲ. ಈ ಸಲ ಬಿಟ್ಟುಬಿಡಿ" ಅಂದ್ರು. ನನ್ನ ಗಂಡ ಇನ್ನೂ ಫ್ಯಾನೇ ನೋಡ್ತಿದ್ರು.

ಮನೆ ಮುಟ್ಟಿದ ಮೇಲೆ ಅತ್ತೆ ಶುರು ಮಾಡಿದ್ರು. ಮೋಸ ಮಾಡಿದ್ರಿ, ನಿಮ್ಮಮ್ಮ ಬಾಯಲ್ಲಿ ಬೆಲ್ಲ ಇಟ್ಕೊಂಡು ಮಾತಾಡಿದ್ರು ಅಂತೆಲ್ಲ ಅಂದ್ರು. ಅದನ್ನ ನಾನು ತಲೆ ತಗ್ಗಿಸಿ ಕೇಳಿಸ್ಕೊಂಡೆ, ಅವರಿಗೆ ಸಿಟ್ಟು ಬರೋದು ನ್ಯಾಯವೇ. ಆದರೆ ಕೊನೆಗೊಂದು ಮಾತಂದ್ರು: "ಪಾರ್ಕಲ್ಲಿ ಯಾರಿಗೂ ಗೊತ್ತಾಗಬಾರದು. ಯಾಕೆ ಬರ್ತಿಲ್ಲ ಅಂದ್ರೆ ನಾನು ಹೇಳ್ಕೋತೀನಿ."

ಏನು ಹೇಳ್ಕೊಂಡ್ರು ಅಂತ ಗೊತ್ತಾಗಿದ್ದು ಭಾನುವಾರ. ವಾಕಿಂಗ್ ಗುಂಪಿನ ಆಂಟಿ ಒಬ್ಬರು, ಅತ್ತೆಯ ಹಳೇ ಸ್ನೇಹಿತೆ, ಮುಖ ಅರಳಿಸಿಕೊಂಡು ಬಂದು ನನ್ನ ಕೈಗೊಂದು ಕೇಸರಿ ಡಬ್ಬಿ ಇಟ್ಟರು. "ಹಾಲಿಗೆ ಹಾಕ್ಕೊಂಡು ಕುಡಿ ಪುಟ್ಟಿ, ಮಗು ಬೆಳ್ಳಗೆ ಹುಟ್ಟುತ್ತೆ. ಬಸುರಿಗೆ ಆ ಇಂಜೆಕ್ಷನ್ ಎಲ್ಲ ಯಾಕೆ, ಮನೇಲೇ ಇದ್ದುಬಿಡು."

ನನ್ನ ಪಿತ್ತ ನೆತ್ತಿಗೇರಿತು. ಆ ಮಾತ್ರೆ ತಗೊಳ್ಳೋ ತನಕ ನಾನು ಬಸುರಿಯಾಗೋ ಹಾಗಿಲ್ಲ. ಮಗು ಬೇಕು ಅಂದ್ರೆ ಮಾತ್ರೆ ಬಿಡಬೇಕು, ಬಿಟ್ರೆ ಕೈಕಾಲು ಹಿಡ್ಕೊಳ್ಳುತ್ತೆ. ಅದನ್ನ ನೆನೆಸ್ಕೊಂಡು ಬಾತ್‌ರೂಮಲ್ಲಿ ನಲ್ಲಿ ಬಿಟ್ಟು ಎಷ್ಟು ಅತ್ತಿದೀನೋ. ಅತ್ತೆಗೆ ಹೇಳೋಕೆ ಸಿಕ್ಕಿದ ಸುಳ್ಳು ಅದೇನಾ? ಕೇಸರಿ ಡಬ್ಬಿ ವಾಪಸ್ ಆಂಟಿ ಕೈಗೇ ಇಟ್ಟೆ. "ಆಂಟಿ, ನಾನು ಬಸುರಿ ಅಲ್ಲ. ನನಗೆ ಕೀಲುವಾತ ಇದೆ, ಅದಕ್ಕೆ ಮಾತ್ರೆ ತಗೋತೀನಿ. ಅದಕ್ಕೇ ಲಸಿಕೆ ಹಾಕಲಿಲ್ಲ" ಅಂದೆ. ಅಡುಗೆಮನೆ ಬಾಗಿಲಲ್ಲಿ ಅತ್ತೆ ಮುಖ ಸುಣ್ಣ ಬಳಿದ ಹಾಗಾಯ್ತು.

ಆಂಟಿ ಪಾಪ, ಸಮಾಧಾನ ಮಾಡೋಕೇ ಹೊರಟ್ರು. ಅತ್ತೆ ಕಡೆ ತಿರುಗಿ, "ಹೋಗ್ಲಿ ಬಿಡ್ರೀ, ಬೇಜಾರು ಮಾಡ್ಕೋಬೇಡಿ. ನಿಮ್ಮ ಹುಡುಗನಿಗೆ ಕಾಲೇಜಲ್ಲಿದ್ದಾಗ ಫಿಟ್ಸ್ ಬರ್ತಿದ್ದಿದ್ದು ನೀವೂ ಇವರ ಕಡೆಯವರಿಗೆ ಹೇಳಿರಲಿಲ್ವಲ್ಲ" ಅಂದ್ರು.

ಇಡೀ ಪಾರ್ಕಿಗೆ ಗೊತ್ತು. ಕಲ್ಲುಬೆಂಚಿಗೆ ಗೊತ್ತು. ಪಕ್ಕದಲ್ಲಿ ಮಲಗೋ ನನಗೆ ಗೊತ್ತಿಲ್ಲ! ದರ್ಶಿನೀಲಿ ನಾನು ಎಲ್ಲ ಒಪ್ಪಿಸಿದಾಗ ಈ ಮಹಾನುಭಾವರು ಕಾಫಿ ಜಾಸ್ತಿ ಅಂದಿದ್ರು. ಆಮೇಲೆ ತಲೆಗೆ ಹೊಳೀತು, ಮಲೇರಿಯಾ ಮಾತ್ರೆ ಶುರು ಮಾಡಬೇಕಾಗಿದ್ದು ಇವತ್ತೇ. ರೂಮಿಗೆ ಓಡಿದೆ. ನೀರಿನ ಲೋಟ ಮೇಜಿನ ಮೇಲಿತ್ತು, ಮಾತ್ರೆ ಅವರ ಕೈಯಲ್ಲಿತ್ತು. ಅತ್ತೆ ಅಂಗೈಯಿಂದ ಕಿತ್ಕೊಂಡ ಹಾಗೇ ಇದನ್ನೂ ಕಿತ್ಕೊಂಡೆ. "ಹತ್ತು ವರ್ಷದಿಂದ ಬಂದಿಲ್ಲ ಕಣೆ, ಏನಾಗಲ್ಲ" ಅಂದ್ರು. ಆ ಮಾತು ಕೇಳಿ ನಮ್ಮಮ್ಮನ ದನಿಯೇ ಕೇಳಿದ ಹಾಗಾಯ್ತು.

ಮಾರನೇ ದಿನ ಶಾಲೆಗೆ ರಜ ಹಾಕಿ, ತಾಯಿ ಮಗ ಇಬ್ಬರನ್ನೂ ಆಟೋ ಹತ್ತಿಸಿಕೊಂಡು ಅದೇ ಡಾಕ್ಟರ ಮುಂದೆ ಕೂರಿಸಿದೆ. "ಏನು ಮತ್ತೆ ಬಂದ್ರಿ? ಏನಾದ್ರೂ ಹೇಳೋದು ಉಳಿದಿತ್ತಾ?" ಅಂದ್ರು ಡಾಕ್ಟರು. ಅತ್ತೆ ಬಾಯಿ ತೆರೆದ್ರು.

"ಅತ್ತೆ, ನೀವು ಸುಮ್ಮನಿರಿ. ಅವರಿಗೂ ಬಾಯಿದೆ" ಅಂದೆ. ಜೀವಮಾನದಲ್ಲಿ ಮೊದಲ ಸಲ ಅತ್ತೆ ನನ್ನ ಮಾತಿಗೆ ಬಾಯಿ ಮುಚ್ಚಿದ್ರು. ನನ್ನ ಗಂಡ ನಿಧಾನಕ್ಕೆ ತಲೆ ಎತ್ತಿ ಫ್ಯಾನ್ ನೋಡೋಕೆ ಶುರು ಮಾಡಿದ್ರು.

"ರೀ, ಡಾಕ್ಟರು ಮೇಲಿಲ್ಲ, ಎದುರಿಗಿದಾರೆ. ಅವರನ್ನ ನೋಡಿ ಹೇಳಿ" ಅಂದೆ.